ಕರಾಚಿ ಮುಂಬಯಿಗಳ ನಡುವಣ ಆಕಾಶಮಾರ್ಗ: ದೂರಕಾಲಗಳ ವಿಚಾರ

1

ಎರಡು ಊರುಗಳ ನಡುವಣ ದೂರವೆಷ್ಟೆಂದು ಕೇಳಿದರೆ ಲೋಕದಲ್ಲಿ ಎರಡು ವಿಧವಾದ ಉತ್ತರಗಳು ದೊರೆಯುವುದುಂಟು. ಇಷ್ಟು ಹರದಾರಿಯೆಂದು ಒಬ್ಬನು ಹೇಳಿದರೆ, ಇಷ್ಟು ದಿನಗಳ ಪಯಣವೆಂದು ಇನ್ನೊಬ್ಬನು ಹೇಳುವನು. ಮೊದಲನೆಯದು ನೆಲವನ್ನು ನೋಡಿ ಆಡಿದ ಮಾತು; ಎರಡನೆಯದು ನಡೆಯುವವನನ್ನು ನೋಡಿ ಆಡಿದ ಮಾತು. ವೈಶೇಷಿಕರು ಒಂಬತ್ತು ದ್ರವ್ಯಗಳನ್ನು ಎಣಿಸುವಾಗ ದಿಕ್ಕನ್ನೂ ಕಾಲವನ್ನೂ ಬೇರೆಬೇರೆಯಾಗಿಯೇ ಇರಿಸಿದರು. ಆದರೂ ವ್ಯವಹಾರದಲ್ಲಿ ಜನರು ಒಂದನ್ನು ಇನ್ನೊಂದರಿಂದ ಅಳೆಯುತ್ತಲೇ ಬಂದಿದ್ದಾರೆ.

ವಾಹನದ ವೇಗವು ಹೆಚ್ಚಿದಂತೆಲ್ಲ ಊರುಗಳು ಒಂದಕ್ಕೊಂದು ಸಮೀಪವಾಗುತ್ತವೆಂದೂ, ಎತ್ತಿನ ಗಾಡಿಯಿಂದ ವಿಮಾನದವರೆಗಿನ ಚರಿತ್ರೆಯು ಒಂದೇ ದಿಕ್ಕಿನಲ್ಲಿ ಸಾಗಿ ಬಂದಿದೆಯೆಂದೂ ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಈ ತಿಳಿವಳಿಕೆಯು ಎಲ್ಲ ಕಡೆಗೂ ಸಲ್ಲತಕ್ಕದ್ದಲ್ಲವೆಂಬುದಕ್ಕೆ ಕರಾಚಿ ಮತ್ತು ಮುಂಬಯಿಗಳೆಂಬ ಎರಡು ರೇವುಪಟ್ಟಣಗಳ ನಡುವಣ ಆಕಾಶಮಾರ್ಗದ ಚರಿತ್ರೆಯು ಬಲವಾದ ನಿದರ್ಶನವಾಗಿರುತ್ತದೆ. 1932ರಲ್ಲಿ ಒಂದು ಚಿಕ್ಕ ವಿಮಾನವು ಕಾಗದಪತ್ರಗಳ ಚೀಲವನ್ನು ಹೊತ್ತು ಈ ದಾರಿಯನ್ನು ಒಂದು ಹಗಲಿನೊಳಗಾಗಿ ಕ್ರಮಿಸಿತು. ಅದರ ಐದುಮಡಿ ವೇಗದ ವಿಮಾನಗಳು ಹಾರುತ್ತಿದ್ದ 2025ರಲ್ಲಿ ಅದೇ ದಾರಿಯನ್ನು ಹಿಡಿದು ಹೋಗುವುದು ಯಾವ ಪ್ರಯಾಣಿಕನಿಗೂ ಸಾಧ್ಯವಿರಲಿಲ್ಲ. ಇದು ಹೇಗೆ ಒದಗಿತೆಂಬುದನ್ನು ವಿಚಾರಿಸುವುದೇ ಇಲ್ಲಿನ ಉದ್ದೇಶ.

2

ಮೊದಲು ದೂರದ ಪ್ರಮಾಣವನ್ನು ನಿಶ್ಚಯಿಸಬೇಕು. ಇದಕ್ಕೆ ನಮ್ಮ ಪ್ರಾಚೀನ ಜ್ಯೌತಿಷಿಕರ ವಿಚಾರಕ್ರಮವೇ ದಾರಿದೀಪವಾಗಬಲ್ಲುದು. ಲಂಕೆಯಿಂದ ಹೊರಟು ಉಜ್ಜಯಿನಿಯ ಮೇಲೆ ಹಾದು ಉತ್ತರಧ್ರುವವನ್ನು ಮುಟ್ಟುವ ರೇಖೆಯನ್ನು ಅವರು ಮಧ್ಯರೇಖೆಯೆಂದು ಕರೆದರು. ಯಾವುದೇ ಊರು ಆ ರೇಖೆಗೆ ಎಷ್ಟು ಮೂಡಲು ಅಥವಾ ಎಷ್ಟು ಪಡುವಲು ಎಂಬುದಕ್ಕೆ ದೇಶಾಂತರವೆಂದು ಹೆಸರು. ಕ್ರಿ.ಶ. 629ರಲ್ಲಿ ಆರ್ಯಭಟೀಯಕ್ಕೆ ಭಾಷ್ಯವನ್ನು ಬರೆದ ಮೊದಲನೆಯ ಭಾಸ್ಕರನು ತನ್ನ ಮಹಾಭಾಸ್ಕರೀಯದಲ್ಲಿ ಈ ದೇಶಾಂತರವನ್ನು ತಿಳಿಯುವ ಒಂದು ಕ್ರಮವನ್ನು ಎತ್ತಿಕೊಳ್ಳುತ್ತಾನೆ. ಎರಡು ಊರುಗಳ ನಡುವಣ ಯೋಜನಸಂಖ್ಯೆಯನ್ನು ಜನರ ಬಾಯಿಂದ ತಿಳಿದು, ಅದನ್ನು ಕರ್ಣವೆಂದು ಭಾವಿಸಿ ಲೆಕ್ಕಹಾಕುವುದು ಆ ಕ್ರಮ. ಆದರೆ ಜನರು ಹೇಳುವ ಸಂಖ್ಯೆಯು ಸ್ಥೂಲವಾದುದೆಂಬ ಆಕ್ಷೇಪವನ್ನೂ, ಭೂಮಿಯು ಗೋಲಾಕಾರವಾಗಿರುವುದರಿಂದ ಬರುವ ದೋಷವನ್ನೂ ಅಲ್ಲಿಯೇ ಸೂಚಿಸಿರುತ್ತಾನೆ. ನಡೆದ ದಾರಿ ಬೇರೆ, ನಿಜವಾದ ಅಂತರ ಬೇರೆ, ಆ ಅಂತರವಾದರೂ ಸರಳರೇಖೆಯಲ್ಲ, ಗೋಲದ ಮೇಲಣ ಚಾಪವೆಂಬ ವಿವೇಕವು ಹದಿಮೂರು ನೂರು ವರ್ಷಗಳಿಗೂ ಹಿಂದೆಯೇ ಇಲ್ಲಿ ಇದ್ದಿತೆಂಬುದು ಇದರಿಂದ ಸ್ಪಷ್ಟವಾಗುವುದು.

ಇಂದಿನ ವಿಮಾನಯಾನಶಾಸ್ತ್ರವು ಎರಡು ನಗರಗಳ ದೂರವನ್ನು ಹೇಳುವುದು ಈ ಚಾಪದ ಪ್ರಮಾಣದಿಂದಲೇ. ಗೋಲದ ಮಹಾವೃತ್ತದಲ್ಲಿ ಎರಡು ಬಿಂದುಗಳ ನಡುವಣ ಖಂಡವೇ ಅತ್ಯಂತ ಹ್ರಸ್ವವಾದ ದಾರಿ. ಕರಾಚಿಯು ಸುಮಾರು 24 ಅಂಶ 50 ಕಲೆಗಳ ಉತ್ತರ ಅಕ್ಷಾಂಶದಲ್ಲಿಯೂ, ಮುಂಬಯಿಯು ಸುಮಾರು 19 ಅಂಶಗಳ ಅಕ್ಷಾಂಶದಲ್ಲಿಯೂ ಇವೆ. ಎರಡೂ ಉಜ್ಜಯಿನಿಯ ರೇಖೆಗೆ ಪಡುವಲಾಗಿದ್ದು, ಅವುಗಳ ರೇಖಾಂಶಗಳ ಅಂತರವು ಆರು ಅಂಶಗಳಿಗೆ ತುಸು ಕಡಮೆ. ಇದರಂತೆ ಲೆಕ್ಕ ಹಾಕಿದರೆ ಎರಡು ನಗರಗಳ ವಿಮಾನ ನಿಲ್ದಾಣಗಳ ನಡುವಣ ಮಹಾವೃತ್ತದ ದೂರವು ಸುಮಾರು 880 ಕಿಲೊಮೀಟರು, ಎಂದರೆ 550 ಮೈಲಿಗೆ ಸಮೀಪವಾಗುತ್ತದೆ.

ಆರು ಅಂಶಗಳಿಗೆ ಒಂದು ಘಟಿಕೆಯೆಂಬುದು ದೇಶಾಂತರದ ಪ್ರಸಿದ್ಧವಾದ ಲೆಕ್ಕ. ಆದುದರಿಂದ ಮುಂಬಯಿಯಲ್ಲಿ ಸೂರ್ಯನು ನೆತ್ತಿಗೆ ಬಂದ ಹೆಚ್ಚುಕಡಮೆ ಒಂದು ಘಟಿಕೆಯ ತರುವಾಯ ಕರಾಚಿಯಲ್ಲಿ ನಡುಹಗಲಾಗುತ್ತದೆ. ಸೂರ್ಯನಿಗೆ ಈ ಎರಡು ಊರುಗಳು ಒಂದು ಘಟಿಕೆಯ ಅಂತರದವು. ಇಂದಿನ ಗಡಿಯಾರಗಳು ಅರ್ಧ ಗಂಟೆಯ ಭೇದವನ್ನು ತೋರಿಸುವುವು; ಪಾಕಿಸ್ತಾನವು 1951ರಲ್ಲಿ ತನ್ನ ಗಡಿಯಾರವನ್ನು ಅರ್ಧಗಂಟೆ ಹಿಂದಕ್ಕೆ ಸರಿಸಿದುದೇ ಇದಕ್ಕೆ ಕಾರಣ. ಸೂರ್ಯನ ಲೆಕ್ಕಕ್ಕೂ ರಾಜ್ಯದ ಲೆಕ್ಕಕ್ಕೂ ಇರುವ ವ್ಯತ್ಯಾಸವು ಈ ಒಂದು ವಿಷಯದಲ್ಲಿ ಅಲ್ಪವೇ ಸರಿ; ಮುಂದೆ ಹೇಳಲಿರುವ ವಿಷಯದಲ್ಲಿ ಅದು ಅಲ್ಪವಲ್ಲ.

3

ಭಾರತದಲ್ಲಿ ವಿಮಾನದಿಂದ ಅಂಚೆಯನ್ನು ಸಾಗಿಸಿದ ಮೊದಲ ಪ್ರಸಂಗವು 1911ನೆಯ ಫೆಬ್ರುವರಿ 18ರಂದು ನಡೆಯಿತು. ಅಲಹಾಬಾದಿನ ಪ್ರದರ್ಶನದ ಕಾಲದಲ್ಲಿ ಆಂರಿ ಪೆಕೆ ಎಂಬ ಫ್ರೆಂಚ್ ವೈಮಾನಿಕನು ಸುಮಾರು 6,500 ಪತ್ರಗಳನ್ನು ಯಮುನೆಯನ್ನು ದಾಟಿಸಿ ನೈನಿಯಲ್ಲಿ ಇಳಿಸಿದನು. ಅದು ಹತ್ತು ಕಿಲೊಮೀಟರುಗಳಷ್ಟು ಹಾರಾಟ. ಕುತೂಹಲಕ್ಕಾಗಿ ನಡೆದದ್ದೇ ಹೊರತು ದೂರವನ್ನು ಗೆಲ್ಲುವುದಕ್ಕಾಗಿ ಅಲ್ಲ. 1920ನೆಯ ಆದಿಯಲ್ಲಿ ಬ್ರಿಟಿಷರ ವಾಯುಸೇನೆಯವರು ಮುಂಬಯಿ ಕರಾಚಿಗಳ ನಡುವೆ ಕೆಲವು ವಾರಗಳ ಕಾಲ ಅಂಚೆಯನ್ನು ಪ್ರಯೋಗಾರ್ಥವಾಗಿ ಸಾಗಿಸಿದರು. ಅದು ನೆಲೆನಿಲ್ಲಲಿಲ್ಲ.

ಕರಾಚಿಗೆ ಈ ವಿಷಯದಲ್ಲಿ ಪ್ರಾಮುಖ್ಯವು ಬಂದುದು ಅದರ ನೆಲೆಯಿಂದ. ಪಶ್ಚಿಮದಿಂದ ಪರ್ಷಿಯಾ ಕೊಲ್ಲಿಯ ಕರಾವಳಿಯನ್ನು ಹಿಡಿದು ಬರುವ ವಿಮಾನಗಳಿಗೆ ಭಾರತದ ಹೆಬ್ಬಾಗಿಲು ಅದೇ ಆಗಿದ್ದಿತು. ಇಂಗ್ಲೆಂಡಿನಿಂದ ಆರ್ 101 ಎಂಬ ಬೃಹತ್ತಾದ ವಾಯುನೌಕೆಯು ಬರುವುದೆಂದು ಅಲ್ಲಿ ಒಂದು ಮಹಾಶಾಲೆಯನ್ನೇ ಕಟ್ಟಿದ್ದರು. ಆ ನೌಕೆಯು 1930ನೆಯ ಅಕ್ಟೋಬರ್ 5ರಂದು ಫ್ರಾನ್ಸಿನಲ್ಲಿ ಬಿದ್ದು ಸುಟ್ಟುಹೋದುದರಿಂದ ಕರಾಚಿಯನ್ನು ಮುಟ್ಟಲೇ ಇಲ್ಲ. ಅದಕ್ಕೆ ಮೊದಲೇ, 1929ನೆಯ ಮಾರ್ಚಿ 30ರಂದು, ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯು ಲಂಡನ್ನಿನಿಂದ ಕರಾಚಿಗೆ ವಾರಕ್ಕೊಮ್ಮೆ ಅಂಚೆಯನ್ನು ತರಲು ಆರಂಭಿಸಿತ್ತು. ಈ ಪಯಣಕ್ಕೆ ಏಳು ದಿನಗಳು ಬೇಕಾಗುತ್ತಿದ್ದುವು. ಹಡಗಿನ ಅಂಚೆಗೆ ಹೋಲಿಸಿದರೆ ಇದು ಮಹತ್ತಾದ ಲಾಭ. ಆದರೆ ಏಳು ದಿನಗಳಲ್ಲಿ ಕರಾಚಿಗೆ ಬಂದ ಪತ್ರವು ಮುಂಬಯಿಗೂ ಮದರಾಸಿಗೂ ಹೋಗಬೇಕಾದರೆ ರೈಲನ್ನು ಕಾಯಬೇಕಾಗಿದ್ದಿತು. ಆಕಾಶದಲ್ಲಿ ಗಳಿಸಿದ ದಿನಗಳನ್ನು ನೆಲದ ಮೇಲೆ ಕಳೆದುಕೊಂಡಂತಾಗುತ್ತಿತ್ತು.

ಈ ನಷ್ಟವನ್ನು ನೀಗುವ ಯೋಜನೆಯೊಂದನ್ನು ನೆವಿಲ್ ವಿನ್ಸೆಂಟ್ ಎಂಬ ಮಾಜಿ ಸೈನಿಕ ವೈಮಾನಿಕನು ಟಾಟಾ ಸಂಸ್ಥೆಯವರ ಮುಂದಿರಿಸಿದನು. 1929ನೆಯ ಫೆಬ್ರುವರಿ 10ರಂದು ಭಾರತದಲ್ಲಿ ಮೊದಲನೆಯ ವೈಮಾನಿಕ ಪರವಾನಗಿಯನ್ನು ಪಡೆದಿದ್ದ ಜೆ. ಆರ್. ಡಿ. ಟಾಟಾ ಅವರು ಅದನ್ನು ಎತ್ತಿಹಿಡಿದರು. ಸರ್ಕಾರದಿಂದ ಸಹಾಯಧನವಿಲ್ಲದೆಯೇ, ಸಾಗಿಸಿದ ಅಂಚೆಯ ತೂಕಕ್ಕೆ ತಕ್ಕ ಹಣದ ಮೇಲೆಯೇ ನಡೆಸುವುದೆಂದು 1932ರಲ್ಲಿ ಒಪ್ಪಂದವಾಯಿತು. ದಾರಿಯು ಕರಾಚಿಯಿಂದ ಅಹಮದಾಬಾದು, ಮುಂಬಯಿ, ಬಳ್ಳಾರಿಗಳ ಮೇಲೆ ಹಾದು ಮದರಾಸಿಗೆ ಮುಗಿಯತಕ್ಕದ್ದು.

4

1932ನೆಯ ಅಕ್ಟೋಬರ್ 15ರಂದು ಬೆಳಗ್ಗೆ ಆರೂವರೆಯ ಹೊತ್ತಿಗೆ ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಟಾಟಾ ಅವರು 'ಪಸ್ ಮಾತ್' ಎಂಬ ಒಂದೇ ಎಂಜಿನಿನ ವಿಮಾನವನ್ನು ಏರಿ ಹೊರಟರು. ಗಂಟೆಗೆ ಸುಮಾರು 100 ಮೈಲಿ ಅದರ ವೇಗ. ದಾರಿಯಲ್ಲಿ ಸಹಾಯಕ್ಕೆ ರೇಡಿಯೊ ಇರಲಿಲ್ಲ; ಕೆಳಗಿನ ನೆಲವನ್ನು ನೋಡಿಕೊಂಡು ಹಾರಬೇಕಾಗಿತ್ತು. ಅಹಮದಾಬಾದಿನಲ್ಲಿ ಇಳಿದಾಗ ವಿಮಾನಕ್ಕೆ ಬೇಕಾದ ಪೆಟ್ರೋಲು ನಾಲ್ಕು ಗ್ಯಾಲನ್ನಿನ ಡಬ್ಬಗಳಲ್ಲಿ ಎತ್ತಿನ ಗಾಡಿಯ ಮೇಲೆ ಬಂದಿತು. ಹಿಂದಿನ ಯುಗದ ವಾಹನವು ಮುಂದಿನ ಯುಗದ ವಾಹನಕ್ಕೆ ಆಹಾರವನ್ನು ಒದಗಿಸಿದ ಈ ಸಂಗತಿಯು ಅಂದಿನ ಭಾರತದ ಸ್ಥಿತಿಯನ್ನು ಚೆನ್ನಾಗಿ ತಿಳಿಸುತ್ತದೆ. ಮಧ್ಯಾಹ್ನ ಎರಡು ಗಂಟೆಯಾಗುವುದರೊಳಗೆ ವಿಮಾನವು ಮುಂಬಯಿಯ ಜುಹು ಎಂಬಲ್ಲಿನ ಬಯಲಿನಲ್ಲಿ ಇಳಿಯಿತು. ತಂದ ಅಂಚೆಯ ತೂಕ ಸುಮಾರು 25 ಕಿಲೊಗ್ರಾಮು. ಮದರಾಸಿನ ಚೀಲವನ್ನು ವಿನ್ಸೆಂಟನು ಬಳ್ಳಾರಿಯ ಮೂಲಕ ಮುಂದಕ್ಕೆ ಒಯ್ದನು.

ಈ ಪಯಣದ ಲೆಕ್ಕವನ್ನು ಬಿಡಿಸಿ ನೋಡತಕ್ಕದ್ದು. ಕರಾಚಿಯಿಂದ ಅಹಮದಾಬಾದಿಗೆ ಆಕಾಶಮಾರ್ಗವಾಗಿ ಸುಮಾರು 600 ಕಿಲೊಮೀಟರು. ಅಲ್ಲಿಂದ ಮುಂಬಯಿಗೆ ಸುಮಾರು 440. ಒಟ್ಟು 1,040 ಕಿಲೊಮೀಟರು. ನೇರವಾದ ದೂರವು 880 ಆಗಿರುವುದರಿಂದ ಅಹಮದಾಬಾದಿನ ಬಳಸಿಗೆ ತಗಲಿದ ಹೆಚ್ಚಳವು 160 ಕಿಲೊಮೀಟರು. ಅಂದಿನ ವೇಗಕ್ಕೆ ಇದು ಒಂದು ಗಂಟೆಯ ಹೊತ್ತು. ನಡುವಣ ನಿಲುಗಡೆಯೂ ಸೇರಿ ಇಡೀ ಪಯಣಕ್ಕೆ ಹಿಡಿದ ಕಾಲವು ಏಳು ಗಂಟೆಗಿಂತ ತುಸು ಹೆಚ್ಚು. ನೇರವಾದ ದಾರಿಯ ಒಂದು ಭಾಗವು ಕಡಲ ಮೇಲಣದು. ಒಂದೇ ಎಂಜಿನನ್ನು ನಂಬಿದವನಿಗೆ ಕೆಳಗೆ ನೆಲವೂ, ನಡುವೆ ಇಂಧನವೂ ಬೇಕಾಗಿದ್ದುವು. ಆದುದರಿಂದ ಈ ವಕ್ರತೆಯು ಅವಶ್ಯಕತೆಯಿಂದ ಬಂದುದು.

ಪತ್ರವನ್ನು ಆಕಾಶದಲ್ಲಿ ಕಳುಹಿಸುವ ಈ ಕಾರ್ಯವನ್ನು ಕಾಣುವಾಗ ಸಾಹಿತ್ಯವನ್ನು ಬಲ್ಲವರಿಗೆ ಮೇಘದೂತದ ಸ್ಮರಣೆಯಾಗದಿರದು. ಅಲ್ಲಿಯೂ ರಾಮಗಿರಿಯಿಂದ ಅಲಕಾನಗರಿಗೆ ಹೋಗುವ ಸಂದೇಶವು ಆಕಾಶಮಾರ್ಗವಾಗಿಯೇ ಹೋಗುತ್ತದೆ. ಅಲ್ಲಿಯೂ ದಾರಿಯನ್ನು ಊರಿನಿಂದ ಊರಿಗೆ ಬಿಡಿಸಿ ಹೇಳಿದೆ. ಅಲ್ಲಿಯೂ ಒಂದು ಬಳಸು ಇದೆ. ಉತ್ತರಕ್ಕೆ ಹೋಗುವ ಮೇಘಕ್ಕೆ ಉಜ್ಜಯಿನಿಯು ನೇರವಾದ ದಾರಿಯಲ್ಲಿಲ್ಲ. ಆದರೂ ಆ ನಗರವನ್ನು ಕಾಣದೆ ಹೋಗಬಾರದೆಂದು ಯಕ್ಷನು ಮೇಘವನ್ನು ಒತ್ತಾಯಿಸುತ್ತಾನೆ. ಅದು ಪ್ರೀತಿಯಿಂದ ಬಂದ ವಕ್ರತೆ. ಅಹಮದಾಬಾದಿನದು ಪ್ರಯೋಜನದಿಂದ ಬಂದುದು. ಮೂರನೆಯ ಬಗೆಯ ವಕ್ರತೆಯೊಂದು ಈ ದಾರಿಗೆ ಮುಂದೆ ಒದಗಲಿದ್ದಿತು.

ಟಾಟಾ ಅಂಚೆವಿಮಾನಗಳು ಮೊದಲನೆಯ ವರ್ಷದಲ್ಲಿ 1,60,000 ಮೈಲಿಗಳಷ್ಟು ಹಾರಿ, ಹತ್ತು ಟನ್ನಿಗೆ ಸಮೀಪವಾದ ಅಂಚೆಯನ್ನೂ 155 ಮಂದಿ ಪ್ರಯಾಣಿಕರನ್ನೂ ಸಾಗಿಸಿದುವು. ಮಳೆಗಾಲದಲ್ಲಿ ಜುಹುವಿನ ಬಯಲು ನೀರಿನಲ್ಲಿ ಮುಳುಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಕಾರ್ಯಸ್ಥಾನವನ್ನು ಪುಣೆಗೆ ಒಯ್ಯಬೇಕಾಗುತ್ತಿತ್ತು. ಅಂದಿನ ವಿಘ್ನಗಳೆಲ್ಲವೂ ಈ ತೆರನಾದುವು: ಮಳೆ, ಕೆಸರು, ಇಂಧನ, ಎಂಜಿನಿನ ಬಲ. ಅವುಗಳನ್ನು ಮನುಷ್ಯನು ಒಂದೊಂದಾಗಿ ಗೆದ್ದನು.

5

ಅಂದು ಇಲ್ಲದಿದ್ದ ವಿಘ್ನವೊಂದನ್ನು ಗಮನಿಸತಕ್ಕದ್ದು. ಕರಾಚಿಯಿಂದ ಮುಂಬಯಿಗೆ ಹೋಗಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಬೇರೆ ರಾಜ್ಯವೆಂಬ ಮಾತು ಹಾಗಿರಲಿ, ಅವು ಬೇರೆ ಪ್ರಾಂತಗಳೂ ಆಗಿರಲಿಲ್ಲ. 1843ರಲ್ಲಿ ಬ್ರಿಟಿಷರ ವಶವಾದ ಸಿಂಧ್ ದೇಶವನ್ನು 1847ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಲಾಯಿತು. 1936ನೆಯ ಏಪ್ರಿಲ್ 1ರಂದು ಮಾತ್ರವೇ ಅದು ಪ್ರತ್ಯೇಕವಾದ ಪ್ರಾಂತವಾಯಿತು. ಆದುದರಿಂದ 1932ರ ವಿಮಾನವು ಹೊರಟುದೂ ಒಂದೇ ಆಧಿಪತ್ಯದಲ್ಲಿ, ಇಳಿದುದೂ ಅದೇ ಆಧಿಪತ್ಯದಲ್ಲಿ.

ಕನ್ನಡನಾಡಿನ ಉತ್ತರಭಾಗವೂ ಇದೇ ಆಧಿಪತ್ಯಕ್ಕೆ ಸೇರಿದ್ದಿತೆಂಬುದು ಇಲ್ಲಿ ಸ್ಮರಣೀಯ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಸಿಂಧ್ ದೇಶದೊಡನೆ ಒಂದೇ ಗವರ್ನರನ ಆಳಿಕೆಯಲ್ಲಿದ್ದುವು. 1887ರಲ್ಲಿ ಸ್ಥಾಪಿತವಾದ ಕರಾಚಿಯ ಡಿ. ಜೆ. ಸಿಂಧ್ ಕಾಲೇಜೂ, 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜೂ ಮುಂಬಯಿ ವಿಶ್ವವಿದ್ಯಾನಿಲಯಕ್ಕೇ ಸೇರಿದ್ದುವು. ಸಿಂಧಿಯನ್ನಾಡುವ ವಿದ್ಯಾರ್ಥಿಯೂ ಕನ್ನಡವನ್ನಾಡುವ ವಿದ್ಯಾರ್ಥಿಯೂ ಒಂದೇ ವಿದ್ಯಾಪೀಠದ ಪದವಿಗಾಗಿ ಓದುತ್ತಿದ್ದರು. ಅದೇ ಸಮಯದಲ್ಲಿ ಬಳ್ಳಾರಿಯು ಮದರಾಸು ಆಧಿಪತ್ಯದಲ್ಲಿದ್ದುದರಿಂದ, ಧಾರವಾಡದ ಕನ್ನಡಿಗನಿಗೆ ಆಳಿಕೆಯ ಲೆಕ್ಕದಲ್ಲಿ ಬಳ್ಳಾರಿಯು ಹೊರಗಿನದಾಗಿಯೂ ಕರಾಚಿಯು ಒಳಗಿನದಾಗಿಯೂ ಇದ್ದುವು. 1953ನೆಯ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿತು. 1956ರಲ್ಲಿ ಧಾರವಾಡವೂ ಅದರೊಡನೆ ಕೂಡಿತು. ಒಂದು ಕಡೆಯ ಗಡಿಯು ಅಳಿಸಿಹೋದ ಆ ಹತ್ತು ವರ್ಷಗಳಲ್ಲಿಯೇ ಇನ್ನೊಂದು ಕಡೆಯ ಗಡಿಯು ಗಟ್ಟಿಯಾಯಿತು. ಯಾವ ಊರು ಹತ್ತಿರ, ಯಾವುದು ದೂರ ಎಂಬುದನ್ನು ಭೂಗೋಲವೊಂದೇ ನಿರ್ಣಯಿಸುವುದಿಲ್ಲವೆಂಬುದಕ್ಕೆ ಕನ್ನಡಿಗರಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ.

6

1947ನೆಯ ಆಗಸ್ಟಿನಲ್ಲಿ ದೇಶವು ವಿಭಕ್ತವಾಯಿತು. ಕರಾಚಿಯು ಪಾಕಿಸ್ತಾನದ ಮೊದಲ ರಾಜಧಾನಿಯಾಯಿತು. ಸಿಂಧ್ ದೇಶದ ಹಿಂದೂಗಳು ಬಹುಸಂಖ್ಯೆಯಲ್ಲಿ ಕರಾಚಿಯ ರೇವಿನಿಂದ ಹಡಗುಗಳನ್ನೇರಿ ಮುಂಬಯಿಗೆ ಬಂದರು. ಕಲ್ಯಾಣದ ಸಮೀಪದಲ್ಲಿ ಬರಿದಾಗಿದ್ದ ಸೈನಿಕ ಶಿಬಿರಗಳಲ್ಲಿ ಅವರಲ್ಲಿ ಅನೇಕರಿಗೆ ಆಶ್ರಯವು ದೊರೆಯಿತು. ಮುಂಬಯಿ ಮೊದಲಾದ ಕಡೆಗಳಿಂದ ಮುಸಲ್ಮಾನ ಕುಟುಂಬಗಳು ಕರಾಚಿಗೆ ಹೋಗಿ ನೆಲಸಿದುವು. ಎರಡು ನಗರಗಳಲ್ಲಿಯೂ ಒಂದರ ನೆನಪನ್ನು ಇನ್ನೊಂದರಲ್ಲಿ ಇಟ್ಟುಕೊಂಡ ಮನೆಗಳು ಹೀಗೆ ಹುಟ್ಟಿಕೊಂಡುವು. ನಂಟು ಹೆಚ್ಚಿದ ಕಾಲದಲ್ಲಿಯೇ ದಾರಿಯು ಕಿರಿದಾಗತೊಡಗಿತು.

1965ನೆಯ ಸೆಪ್ಟೆಂಬರಿನ ಯುದ್ಧದಿಂದ ವಿಮಾನಸಂಚಾರವು ನಿಂತಿತು. 1971ನೆಯ ಜನವರಿ 30ರಂದು ಭಾರತದ 'ಗಂಗಾ' ಎಂಬ ವಿಮಾನವನ್ನು ಅಪಹರಿಸಿ ಲಾಹೋರಿಗೆ ಒಯ್ದು ಸುಟ್ಟುಹಾಕಿದ ತರುವಾಯ, ಫೆಬ್ರುವರಿಯಲ್ಲಿ ಭಾರತವು ತನ್ನ ಆಕಾಶವನ್ನು ಪಾಕಿಸ್ತಾನದ ವಿಮಾನಗಳಿಗೆ ಮುಚ್ಚಿತು. ಅಂದು ಒಂದೇ ರಾಜ್ಯದ ಎರಡು ಭಾಗಗಳಲ್ಲಿದ್ದ ಕರಾಚಿ ಢಾಕಾಗಳ ನಡುವಣ ನೇರವಾದ ದೂರವು ಸುಮಾರು 2,360 ಕಿಲೊಮೀಟರು. ವಿಮಾನಗಳು ಸಿಂಹಳದ್ವೀಪವನ್ನು ಬಳಸಿ ಹೋಗಬೇಕಾಗಿ ಬಂದುದರಿಂದ ಅದು 4,500 ಕಿಲೊಮೀಟರಿಗೂ ಮಿಕ್ಕಿತು. ಕವಿಪ್ರಸಿದ್ಧವಾದ ಪುಷ್ಪಕವು ಲಂಕೆಯಿಂದ ಹೊರಟದ್ದು ಮನೆಗೆ ಮರಳುವುದಕ್ಕಾಗಿ. ಈ ವಿಮಾನಗಳು ಲಂಕೆಗೆ ಬಂದದ್ದು ಬೇರೆ ದಾರಿಯಿಲ್ಲದುದಕ್ಕಾಗಿ. ಆ ವರ್ಷದ ಕೊನೆಯಲ್ಲಿ ಯುದ್ಧವಾಗಿ ಬಾಂಗ್ಲಾದೇಶವು ಸ್ವತಂತ್ರವಾಯಿತು. ಭಾರತ ಪಾಕಿಸ್ತಾನಗಳ ನಡುವೆ ವಿಮಾನಗಳು ಮತ್ತೆ ಹಾರತೊಡಗಿದುದು 1976ರಲ್ಲಿ.

1982ನೆಯ ಅಕ್ಟೋಬರ್ 15ರಂದು, ಮೊದಲನೆಯ ಹಾರಾಟಕ್ಕೆ ಐವತ್ತು ವರ್ಷಗಳು ತುಂಬಿದಾಗ, ಎಪ್ಪತ್ತೆಂಟು ವಯಸ್ಸಿನ ಟಾಟಾ ಅವರು 'ಲೆಪರ್ಡ್ ಮಾತ್' ಎಂಬ ಹಳೆಯ ಮಾದರಿಯ ವಿಮಾನವನ್ನು ತಾವೇ ನಡೆಸಿಕೊಂಡು ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಹಾರಿ ಬಂದರು. ದಾರಿ ಅದೇ, ಹೊರಟವರು ಅವರೇ, ಆದರೆ ಹೊರಟ ನೆಲವು ಈಗ ಪರರಾಜ್ಯವಾಗಿದ್ದಿತು.

ತರುವಾಯವೂ ದಾರಿಯು ತೆರೆದು ಮುಚ್ಚಿ ನಡೆಯಿತು. 2002ನೆಯ ಜನವರಿ 1ರಿಂದ ನಿಂತ ಸಂಚಾರವು 2004ನೆಯ ಜನವರಿ 1ರಂದು ಪುನಃ ಆರಂಭವಾಯಿತು. 2019ನೆಯ ಫೆಬ್ರುವರಿ ಕಡೆಯಲ್ಲಿ ಪಾಕಿಸ್ತಾನವು ತನ್ನ ಆಕಾಶವನ್ನು ಮುಚ್ಚಿ ಜುಲೈ 16ರಂದು ತೆರೆಯಿತು. 2025ನೆಯ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ನಡೆದ ಹತ್ಯೆಗಳ ತರುವಾಯ ಪಾಕಿಸ್ತಾನವು ಏಪ್ರಿಲ್ 24ರಂದು ಭಾರತದ ವಿಮಾನಗಳಿಗೂ, ಭಾರತವು ಏಪ್ರಿಲ್ 30ರಂದು ಪಾಕಿಸ್ತಾನದ ವಿಮಾನಗಳಿಗೂ ಆಕಾಶವನ್ನು ಮುಚ್ಚಿದುವು. ಇದಕ್ಕೆ ಮೊದಲೇ ಕರಾಚಿ ಮುಂಬಯಿಗಳ ನಡುವಣ ನೇರವಾದ ವಿಮಾನಗಳು ನಿಂತುಹೋಗಿದ್ದುವು.

7

ಈಗ ಲೆಕ್ಕವನ್ನು ಮುಗಿಸಬಹುದು. ಗಂಟೆಗೆ 800 ಕಿಲೊಮೀಟರುಗಳ ವೇಗದಿಂದ ಹಾರುವ ವಿಮಾನಕ್ಕೆ 880 ಕಿಲೊಮೀಟರುಗಳ ದಾರಿಯು, ಏರುವ ಇಳಿಯುವ ಹೊತ್ತನ್ನು ಸೇರಿಸಿದರೂ, ಒಂದೂವರೆ ಗಂಟೆಯದು. ಆದರೆ ನೇರವಾದ ವಿಮಾನವಿಲ್ಲದ ಕಾಲದಲ್ಲಿ ಪ್ರಯಾಣಿಕನು ಕರಾಚಿಯಿಂದ ಪಡುವಲಾಗಿ ದುಬೈಗೆ ಹೋಗಿ, ಅಲ್ಲಿ ಬೇರೆ ವಿಮಾನವನ್ನೇರಿ ಮೂಡಲಾಗಿ ಮುಂಬಯಿಗೆ ಬರಬೇಕಾಗುತ್ತದೆ. ಕರಾಚಿಯಿಂದ ದುಬೈ ಸುಮಾರು 1,185 ಕಿಲೊಮೀಟರು. ದುಬೈಯಿಂದ ಮುಂಬಯಿ ಸುಮಾರು 1,930. ಒಟ್ಟು 3,100 ಕಿಲೊಮೀಟರಿಗೂ ಹೆಚ್ಚು, ಎಂದರೆ ನೇರವಾದ ದೂರದ ಮೂರೂವರೆಯಷ್ಟು. ಎರಡು ಹಾರಾಟಗಳ ಕಾಲಕ್ಕೆ ನಡುವೆ ಕಾಯುವ ಹೊತ್ತನ್ನೂ ಕೂಡಿಸಿದರೆ, 1932ರಲ್ಲಿ ಟಾಟಾ ಅವರಿಗೆ ಹಿಡಿದ ಏಳು ಗಂಟೆಗಳಿಗಿಂತ ಕಡಮೆಯಲ್ಲಿ ಪಯಣವು ಮುಗಿಯುವುದು ದುರ್ಲಭ. ವೇಗವು ಐದುಮಡಿಯಾಗಿದೆ, ಕಾಲವು ಕಡಮೆಯಾಗಿಲ್ಲ.

ಇಲ್ಲಿಗೆ ಮೂರು ವಕ್ರತೆಗಳೂ ಗೋಚರವಾದುವು. ಯಕ್ಷನ ಮೇಘವು ಬಳಸಿದ್ದು ಉಜ್ಜಯಿನಿಯನ್ನು ಕಾಣಲೆಂದು. ಅಂಚೆಯ ವಿಮಾನವು ಬಳಸಿದ್ದು ಇಂಧನಕ್ಕೆಂದು. ಇಂದಿನ ಪ್ರಯಾಣಿಕನು ಬಳಸುವುದು ನಿಷೇಧದ ದೆಸೆಯಿಂದ. ಮೊದಲನೆಯದರಿಂದ ಕಾವ್ಯವು ಹುಟ್ಟಿತು. ಎರಡನೆಯದರಿಂದ ಒಂದು ಉದ್ಯಮವು ಬೆಳೆಯಿತು. ಮೂರನೆಯದರಿಂದ ಹುಟ್ಟುವುದು ವ್ಯಯ ಮಾತ್ರ. ಆ ನಿಷೇಧಗಳಿಗೆ ಯುದ್ಧವೂ ಹತ್ಯೆಗಳೂ ಕಾರಣವಾಗಿವೆಯೆಂಬುದನ್ನು ಮರೆಯಲಾಗದು. ಅವುಗಳ ತಪ್ಪುಒಪ್ಪುಗಳನ್ನು ತೀರ್ಮಾನಿಸುವುದು ಈ ಲೇಖನದ ವಿಷಯವಲ್ಲ. ಪ್ರಕೃತಿಯು ಒಡ್ಡಿದ ಅಡ್ಡಿಗಳನ್ನು ಯಂತ್ರವು ನಿವಾರಿಸಬಲ್ಲುದು, ಮನುಷ್ಯರು ತಮ್ಮೊಳಗೆ ಒಡ್ಡಿಕೊಂಡ ಅಡ್ಡಿಗಳನ್ನು ಅದು ನಿವಾರಿಸಲಾರದೆಂಬುದಷ್ಟೇ ಈ ಚರಿತ್ರೆಯಿಂದ ಸಿದ್ಧವಾಗುವ ಅಂಶ.

ಸಂಸ್ಕೃತದ ವಿಮಾನಶಬ್ದವು 'ವಿ' ಉಪಸರ್ಗವು ಸೇರಿದ 'ಮಾ' ಧಾತುವಿನಿಂದ ಬಂದುದು. ಅಳೆಯುವುದೆಂಬುದು ಆ ಧಾತುವಿನ ಅರ್ಥ. ಎರಡು ಊರುಗಳ ನಡುವೆ ಹಾರುವ ವಾಹನವು ಅವುಗಳ ದೂರವನ್ನು ಮಾತ್ರವಲ್ಲದೆ ಅಲ್ಲಿನ ಜನರ ನಡುವಣ ಸಂಬಂಧವನ್ನೂ ಅಳೆಯುತ್ತದೆಂದು ಈ ದಾರಿಯ ಮಟ್ಟಿಗಾದರೂ ಹೇಳಬಹುದು. ಕರಾಚಿಗೂ ಮುಂಬಯಿಗೂ ನಡುವಣ ಚಾಪವು 1932ರಲ್ಲಿ ಎಷ್ಟಿದ್ದಿತೋ ಇಂದಿಗೂ ಅಷ್ಟೇ ಇದೆ. ಸೂರ್ಯನು ಇಂದಿಗೂ ಅದನ್ನು ಒಂದು ಘಟಿಕೆಯಲ್ಲಿ ದಾಟುತ್ತಾನೆ.